ಘಾಟಿ ಹತ್ತುವ ಮುನ್ನ ಆಂಡರ್‌ಮಾಟ್‌ನಲ್ಲೊಂದು ರಾತ್ರಿ

ಸ್ವಿಟ್ಜರ್ಲೆಂಡಿನಲ್ಲಿ ಬಾಡಿಗೆ ಕಾರು ಹಿಡಿದು ಸುತ್ತುವ ಕನ್ನಡಿಗರು ಈಗ ಅಪರೂಪವೇನಲ್ಲ. ಬೆಂಗಳೂರಿನಿಂದ ಹೋದವರು ಜ್ಯೂರಿಕ್ ವಿಮಾನ ನಿಲ್ದಾಣದಲ್ಲೇ ಕೀಲಿ ಇಸಿದುಕೊಳ್ಳುತ್ತಾರೆ. ಮ್ಯೂನಿಕ್, ಸ್ಟುಟ್‌ಗಾರ್ಟ್ ಕಡೆ ಕೆಲಸದಲ್ಲಿರುವವರು ಊರಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ರಜೆ ಸಿಕ್ಕೊಡನೆ ದಕ್ಷಿಣಕ್ಕೆ ಹೊರಡುತ್ತಾರೆ. ಇಂಥ ಪ್ರವಾಸದ ಪಟ್ಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು: ಲುಸರ್ನ್‌ನಲ್ಲಿ ಎರಡು ರಾತ್ರಿ, ಇಂಟರ್‌ಲಾಕೆನ್‌ನಲ್ಲಿ ಎರಡು ರಾತ್ರಿ, ಆಮೇಲೆ ಕೋಮೊ ಅಥವಾ ಮಿಲಾನ್. ನಡುವಿನ ಬೆಟ್ಟದ ಹಳ್ಳಿಗೆ ಸಿಗುವುದು ಕಾಫಿ ಕುಡಿದು ಕಾಲು ಚಾಚುವಷ್ಟು ಹೊತ್ತು ಮಾತ್ರ. ಈ ಲೆಕ್ಕ ತಲೆಕೆಳಗಾಗಬೇಕು ಎಂಬುದು ಈ ಲೇಖನದ ವಾದ. ಆಲ್ಪ್ಸ್ ಘಾಟಿಗಳನ್ನು ಕಾರಿನಲ್ಲಿ ದಾಟಬೇಕೆಂದಿರುವವರು ಘಾಟಿಯ ಬುಡದ ಹಳ್ಳಿಯಲ್ಲಿ ಒಂದು ರಾತ್ರಿ ತಂಗಲೇಬೇಕು. ಅದಕ್ಕಾಗಿ ದೊಡ್ಡ ಊರಿನ ಒಂದು ರಾತ್ರಿಯನ್ನು ಬಿಟ್ಟುಕೊಟ್ಟರೂ ನಷ್ಟವಿಲ್ಲ. ಉದಾಹರಣೆಗೆ ಇಲ್ಲಿ ಆರಿಸಿಕೊಂಡಿರುವುದು ಊರಿ ಕ್ಯಾಂಟನ್ನಿನ ಆಂಡರ್‌ಮಾಟ್. ಇದಕ್ಕಿಂತ ಚೆಲುವಾದ ಹಳ್ಳಿಗಳು ಆ ದೇಶದಲ್ಲಿ ಬೇಕಾದಷ್ಟಿವೆ. ಆದರೆ ದಾರಿಹೋಕರ ತಂಗುವಿಕೆಯನ್ನೇ ನಂಬಿ ಹುಟ್ಟಿ, ಅದು ನಿಂತುಹೋದಾಗ ಸೊರಗಿದ ಹಳ್ಳಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಮೊದಲು ಜಾಗದ ಪರಿಚಯ. ಉರ್ಸೆರೆನ್ ಕಣಿವೆಯಲ್ಲಿ, ಸುಮಾರು 1,440 ಮೀಟರ್ ಎತ್ತರದಲ್ಲಿ, ರಾಯ್ಸ್ ಹೊಳೆಯ ದಂಡೆಗೆ ಆಂಡರ್‌ಮಾಟ್ ಇದೆ. ಊರಿನ ಜನಸಂಖ್ಯೆ ಒಂದೂವರೆ ಸಾವಿರದ ಆಸುಪಾಸು. ಜ್ಯೂರಿಕ್‌ನಿಂದ ಒಂದೂವರೆ ಗಂಟೆಯ ದಾರಿ, ಲುಸರ್ನ್‌ನಿಂದ ಒಂದು ಗಂಟೆಯದು. ಇಲ್ಲಿಂದ ನಾಲ್ಕು ದಿಕ್ಕಿಗೂ ರಸ್ತೆ ಒಡೆಯುತ್ತದೆ. ಉತ್ತರಕ್ಕೆ ಶೋಲೆನೆನ್ ಕಮರಿಯಲ್ಲಿ ಇಳಿದರೆ ಗೋಶೆನೆನ್. ದಕ್ಷಿಣಕ್ಕೆ 2,100 ಮೀಟರ್ ಮೇಲಿನ ಗೋಟ್‌ಹಾರ್ಡ್ ಘಾಟಿ ದಾಟಿದರೆ ಇಟಾಲಿಯನ್ ಮಾತಾಡುವ ಟಿಚಿನೊ. ಪೂರ್ವಕ್ಕೆ 2,044 ಮೀಟರಿನ ಓಬರ್‌ಆಲ್ಪ್ ಘಾಟಿಯಾಚೆ ರೈನ್ ನದಿಯ ಕಣಿವೆ. ಪಶ್ಚಿಮಕ್ಕೆ 2,429 ಮೀಟರಿನ ಫುರ್ಕಾ ಘಾಟಿಯಾಚೆ ರೋನ್ ನದಿಯ ಕಣಿವೆ. ರೈನ್, ರೋನ್, ರಾಯ್ಸ್, ಟಿಚಿನೊ ಎಂಬ ನಾಲ್ಕು ನದಿಗಳು ಹುಟ್ಟುವುದು ಈ ಒಂದೇ ಬೆಟ್ಟಸಾಲಿನಲ್ಲಿ. ರೈನ್ ಉತ್ತರ ಸಮುದ್ರ ಸೇರುತ್ತದೆ, ರೋನ್ ಮೆಡಿಟರೇನಿಯನ್ ಸೇರುತ್ತದೆ. ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿದರೆ, ಮಧ್ಯ ಆಲ್ಪ್ಸನ್ನು ರಸ್ತೆಯಲ್ಲಿ ದಾಟುವವರು ಇಲ್ಲಿ ಹಾಯದೆ ಹೋಗುವುದೇ ಹಿಂದಿನ ಕಾಲದಲ್ಲಿ ಸಾಧ್ಯವಿರಲಿಲ್ಲವೇನೋ ಅನ್ನಿಸುತ್ತದೆ.

ಹಾಗೆ ಹಾಯುವುದು ಸುಲಭವೇನೂ ಆಗಿರಲಿಲ್ಲ. ಗೋಟ್‌ಹಾರ್ಡ್ ದಾರಿಗೆ ಬೀಗ ಹಾಕಿದಂತಿದ್ದದ್ದು ಶೋಲೆನೆನ್ ಕಮರಿ. ಹದಿಮೂರನೆಯ ಶತಮಾನದಲ್ಲಿ ಅಲ್ಲಿ ಮರದ ಸೇತುವೆ, ಬಂಡೆಗೆ ತೂಗುಬಿಟ್ಟ ಮರದ ಹಾದಿ ಆದಮೇಲೆಯೇ ಹೇಸರಗತ್ತೆಗಳ ಮೇಲೆ ಸರಕು ಹೇರಿ ಉತ್ತರದಿಂದ ಇಟಲಿಗೆ ನೇರ ಸಾಗುವ ವ್ಯಾಪಾರ ಕುದುರಿತು. 1595ರಲ್ಲಿ ಕಲ್ಲಿನ ಸೇತುವೆ ಬಂತು. 1708ರಲ್ಲಿ ಪಿಯೆತ್ರೊ ಮೊರೆಟ್ಟಿನಿ ಎಂಬ ಎಂಜಿನಿಯರ್ ಬಂಡೆ ಕೊರೆದು 64 ಮೀಟರ್ ಉದ್ದದ ಉರ್ನರ್‌ಲೋಖ್ ಸುರಂಗ ಮಾಡಿದ; ಆಲ್ಪ್ಸ್‌ನ ಮೊದಲ ರಸ್ತೆ ಸುರಂಗ ಅದು. 1830ರಲ್ಲಿ ಕುದುರೆಗಾಡಿ ಹೋಗುವಷ್ಟು ಅಗಲದ ಇನ್ನೊಂದು ಸೇತುವೆ ಆಯಿತು. ಹಳೆಯದು 1888ರಲ್ಲಿ ಕುಸಿದುಬಿತ್ತು. ಹೀಗೆ ದಾರಿ ಒಂದೊಂದು ಹೆಜ್ಜೆ ಸುಧಾರಿಸಿದಂತೆಲ್ಲ ಆಂಡರ್‌ಮಾಟ್ ಬೆಳೆಯಿತು. ಘಾಟಿ ಹತ್ತುವ ಮುನ್ನ ಪ್ರಾಣಿಗಳಿಗೆ ಮೇವು, ಜನಕ್ಕೆ ಊಟ, ಹಾಸಿಗೆ ಬೇಕಿತ್ತು. ಹವೆ ಕೆಟ್ಟರೆ ಎರಡು ದಿನ ಕಾಯಲು ಒಂದು ಸೂರು ಬೇಕಿತ್ತು. ರುಡಾಲ್ಫ್ ಕೊಲ್ಲರ್ 1873ರಲ್ಲಿ ಬರೆದ ‘ಗೋಟ್‌ಹಾರ್ಡ್ ಪೋಸ್ಟ್’ ಚಿತ್ರದಲ್ಲಿ ಕುದುರೆಗಳು ನಾಗಾಲೋಟದಲ್ಲಿ ಅಂಚೆಗಾಡಿಯನ್ನು ಇಳಿಜಾರಿನಲ್ಲಿ ಎಳೆದು ತರುತ್ತವೆ, ಮುಂದೊಂದು ಕರು ದಿಕ್ಕೆಟ್ಟು ಓಡುತ್ತದೆ. ಆ ಅಂಚೆಗಾಡಿಯ ಕಾಲ ಅಷ್ಟರಲ್ಲೇ ಮುಗಿಯುತ್ತ ಬಂದಿತ್ತು. ಚಿತ್ರ ಬರೆಯುವ ಹಿಂದಿನ ವರ್ಷವೇ ಗೋಶೆನೆನ್‌ನಲ್ಲಿ ರೈಲು ಸುರಂಗದ ಕೆಲಸ ಆರಂಭವಾಗಿತ್ತು. ಹದಿನೈದು ಕಿಲೋಮೀಟರ್ ಉದ್ದದ ಆ ಸುರಂಗ 1882ರಲ್ಲಿ ತೆರೆದಾಗ ಪ್ರಯಾಣಿಕರು ಆಂಡರ್‌ಮಾಟ್‌ನ ಅಡಿಯಲ್ಲೇ ಹಾದು ದಕ್ಷಿಣ ಸೇರಿದರು. ಛತ್ರಗಳು ಖಾಲಿಯಾದವು.

ಆಮೇಲಿನ ನೂರು ವರ್ಷ ಹಳ್ಳಿಯನ್ನು ಸಾಕಿದ್ದು ಸೇನೆ. ಗೋಟ್‌ಹಾರ್ಡ್ ಸುತ್ತ ಬಂಡೆಯೊಳಗೆ ಕೋಟೆಗಳಾದವು, ಊರಲ್ಲಿ ಬ್ಯಾರಕ್ಕುಗಳಾದವು, ಸೈನಿಕರೇ ಹೋಟೆಲುಗಳ ಗಿರಾಕಿಗಳಾದರು. 1980ರಲ್ಲಿ 16.9 ಕಿಲೋಮೀಟರ್ ಉದ್ದದ ರಸ್ತೆ ಸುರಂಗ ತೆರೆದಾಗ ಕಾರುಗಳೂ ಊರನ್ನು ತಪ್ಪಿಸಿಕೊಂಡವು. 2016ರಲ್ಲಿ 57 ಕಿಲೋಮೀಟರ್‌ನ ತಳಮಟ್ಟದ ರೈಲು ಸುರಂಗ ಬಂದಮೇಲೆ ವೇಗದ ರೈಲುಗಳು ಗೋಶೆನೆನ್ ನಿಲ್ದಾಣವನ್ನೂ ಬಿಟ್ಟವು. ಈ ನಡುವೆ ಶೀತಲ ಸಮರ ಮುಗಿದು ಸೇನೆ ಜಾಗ ಖಾಲಿ ಮಾಡುತ್ತ ಬಂತು. ಈಜಿಪ್ಟಿನ ಉದ್ಯಮಿ ಸಮೀಹ್ ಸಾವಿರಿಸ್ ಇಲ್ಲಿ ದೊಡ್ಡ ವಿಹಾರಧಾಮ ಕಟ್ಟುವ ಯೋಜನೆ ತಂದದ್ದು ಆ ಹೊತ್ತಿನಲ್ಲಿ. 2013ರ ಡಿಸೆಂಬರಿನಲ್ಲಿ ಐಷಾರಾಮಿ ‘ಚೆಡಿ’ ಹೋಟೆಲ್ ತೆರೆಯಿತು, 2019ರಲ್ಲಿ ಸಂಗೀತ ಸಭಾಂಗಣ ಬಂತು, ಸ್ಕೀ ಮೈದಾನ ಹಿಗ್ಗಿತು. 2022ರಲ್ಲಿ ಆ ಸ್ಕೀ ಉದ್ಯಮದ ಹೆಚ್ಚಿನ ಪಾಲನ್ನು ಅಮೆರಿಕದ ವೇಲ್ ರೆಸಾರ್ಟ್ಸ್ ಕೊಂಡಿತು. ಇಂದು ಊರಿಗೆ ಕಾಲಿಟ್ಟವರಿಗೆ ಎರಡು ಊರು ಕಾಣುತ್ತವೆ: ಹೊಳೆಯ ಪಕ್ಕ ಕಿರಿದಾದ ಕಲ್ಲುಹಾಸಿನ ಬೀದಿಯಲ್ಲಿ ಬಿಸಿಲಿಗೆ ಕಪ್ಪಾದ ಮರದ ಮನೆಗಳ ಹಳೇ ಹಳ್ಳಿ, ಅದರಾಚೆ ಹೊಸ ಅಪಾರ್ಟ್‌ಮೆಂಟ್‌ಗಳ ಬಡಾವಣೆ. ಎರಡನೆಯದು ಎಲ್ಲರಿಗೂ ರುಚಿಸಲಿಕ್ಕಿಲ್ಲ. ಆದರೆ ಖಾಲಿ ಬ್ಯಾರಕ್ಕುಗಳ ಊರು ಅದಕ್ಕಿಂತ ಹೇಗೆ ಮೇಲು ಎಂದು ಕೇಳಿದರೆ ಉತ್ತರ ಸಲೀಸಾಗಿ ಸಿಗದು.

ಮುಳುಗಡೆಯ ಕತೆಗಳನ್ನು ಬಲ್ಲ ಕರ್ನಾಟಕದ ಓದುಗರಿಗೆ ಈ ಕಣಿವೆಯ ಇನ್ನೊಂದು ಪ್ರಸಂಗ ಹೇಳಬೇಕು. ಎರಡನೇ ಮಹಾಯುದ್ಧದ ಕಾಲಕ್ಕೆ ವಿದ್ಯುತ್ತಿಗಾಗಿ ಉರ್ಸೆರೆನ್ ಕಣಿವೆಗೇ ಅಣೆಕಟ್ಟು ಕಟ್ಟುವ ಯೋಜನೆ ತಯಾರಾಗಿತ್ತು. ಆಂಡರ್‌ಮಾಟ್, ಹೋಸ್ಪೆಂಟಾಲ್, ರೆಯಾಲ್ಪ್ ಮೂರೂ ಊರು ನೀರಿನಡಿಗೆ ಹೋಗಬೇಕಿತ್ತು. ಪರಿಹಾರದ ಮಾತು ಬಂದರೂ ಜನ ಒಪ್ಪಲಿಲ್ಲ. 1946ರ ಫೆಬ್ರುವರಿಯ ಒಂದು ರಾತ್ರಿ ಯೋಜನೆಯ ಪರ ಬಂದಿದ್ದ ಎಂಜಿನಿಯರನ್ನು ಊರವರು ಹೊಡೆದಟ್ಟಿದರು. ಯೋಜನೆ ಕೈಬಿಟ್ಟುಹೋಯಿತು, ಜಲಾಶಯ ಆಮೇಲೆ ಪಕ್ಕದ ಗೋಶೆನೆರ್‌ಆಲ್ಪ್‌ನಲ್ಲಿ ಆಯಿತು. ಊರಿನ ನೆತ್ತಿಯ ಮೇಲೆ ತ್ರಿಕೋನದಂತೆ ನಿಂತಿರುವ ಕಾಡಿನ ತುಂಡಿಗೂ ಇಂಥದೇ ಹಿನ್ನೆಲೆಯಿದೆ. ಸುತ್ತಲಿನ ಇಳಿಜಾರುಗಳೆಲ್ಲ ಶತಮಾನಗಳ ಹಿಂದೆಯೇ ಬೋಳಾಗಿದ್ದವು. ಹಿಮಕುಸಿತ ಊರಿನ ಮೇಲೆ ಬೀಳದಂತೆ ತಡೆಯಲು ಉಳಿದಿದ್ದು ಅದೊಂದೇ ಕಾಡು. ಅಲ್ಲಿ ಮರ ಕಡಿಯುವುದಿರಲಿ, ಉದುರಿದ ಟೊಂಗೆ ಹೆಕ್ಕುವುದನ್ನೂ ನಿಷೇಧಿಸುವ ಕಟ್ಟಳೆಯನ್ನು ಕಣಿವೆಯ ಜನ 1397ರಲ್ಲಿಯೇ ಬರೆದಿಟ್ಟರು. ಅಷ್ಟಿದ್ದೂ 1951ರ ಜನವರಿಯ ಹಿಮಕುಸಿತ ಊರಿನಲ್ಲಿ ಜೀವ ತೆಗೆಯಿತು. ಇಳಿಜಾರುಗಳಲ್ಲಿ ಸಾಲು ಸಾಲಾಗಿ ಕಾಣುವ ಕಬ್ಬಿಣದ ತಡೆಬೇಲಿಗಳು ಯಾಕೆಂದು ಕೇಳುವವರಿಗೆ ಉತ್ತರ ಇದರಲ್ಲಿದೆ. ಕಾಫಿಗೆಂದು ಇಪ್ಪತ್ತು ನಿಮಿಷ ನಿಂತವರಿಗೆ ಆ ಕಾಡು ಬರೀ ಹಸಿರು ತೇಪೆ.

ಇಷ್ಟೂ ಇತಿಹಾಸದ ಮಾತಾಯಿತು. ಚರಿತ್ರೆಯಲ್ಲಿ ಆಸಕ್ತಿಯಿಲ್ಲದವರೂ ಅಲ್ಲಿ ತಂಗಬೇಕು ಎನ್ನಲು ಸ್ಟಿಯರಿಂಗಿಗೆ ಸಂಬಂಧಿಸಿದ ಕಾರಣಗಳಿವೆ. ನಮ್ಮವರು ಎಡಗಡೆ ಓಡಿಸಿ ರೂಢಿಯಾದವರು. ಅಲ್ಲಿ ಬಲಗಡೆ; ಗೇರು ಬಲಗೈಗೆ ಬರುತ್ತದೆ, ರಸ್ತೆಯಂಚಿನ ಪ್ರಪಾತ ಚಾಲಕನ ಎದುರು ಪಕ್ಕಕ್ಕೆ ಬರುತ್ತದೆ, ಕಾರಿನ ಬಲಬದಿ ಎಷ್ಟು ದೂರದಲ್ಲಿದೆ ಎಂಬ ಅಂದಾಜು ಮೊದಲ ಎರಡು ದಿನ ಸಿಗುವುದೇ ಇಲ್ಲ. ಮೋಟಾರು ಹೆದ್ದಾರಿಯಲ್ಲಿ ಈ ಕೊರತೆ ಗೊತ್ತಾಗುವುದಿಲ್ಲ. ಫುರ್ಕಾದ ರಸ್ತೆ ಕೆಲವೆಡೆ ಎರಡು ಕಾರು ಎಚ್ಚರದಿಂದ ದಾಟುವಷ್ಟೇ ಅಗಲ. ಅಂಚಿನಲ್ಲಿ ಎಷ್ಟೋ ಕಡೆ ಇರುವುದು ಬರೀ ಕಲ್ಲಿನ ಗೂಟಗಳು. ಬೆಳಗ್ಗೆ ಜ್ಯೂರಿಕ್‌ನಲ್ಲಿ ಇಳಿದು, ರಾತ್ರಿಯ ವಿಮಾನದ ನಿದ್ದೆಗಣ್ಣಿನಲ್ಲಿ ಮಧ್ಯಾಹ್ನ ಎರಡಕ್ಕೆ ಆ ರಸ್ತೆ ಹತ್ತುವವರು ದಿನದ ಅತಿ ಕೆಟ್ಟ ಹೊತ್ತನ್ನು ಆರಿಸಿಕೊಂಡಿರುತ್ತಾರೆ. ಜುಲೈ, ಆಗಸ್ಟಿನ ಮಧ್ಯಾಹ್ನ ಘಾಟಿಯ ಮೇಲೆ ಮೋಟಾರ್‌ಬೈಕುಗಳ ಹಿಂಡು, ಸೈಕಲ್ ಸವಾರರು, ಕ್ಯಾಂಪರ್ ವ್ಯಾನುಗಳು, ಅಂಚೆ ಬಸ್ಸು ಎಲ್ಲ ಒಟ್ಟಿಗಿರುತ್ತವೆ. ಬೇಸಗೆಯ ಗುಡುಗು ಮಳೆಯೂ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆಯೇ ಬರುವುದು. ಅದೇ ಬುಡದ ಊರಿನಲ್ಲಿ ಮಲಗೆದ್ದು ಬೆಳಗ್ಗೆ ಏಳಕ್ಕೆ ಹೊರಟರೆ ರಸ್ತೆ ಹೆಚ್ಚುಕಡಿಮೆ ಖಾಲಿ, ಗಾಳಿ ತಿಳಿ, ಚಾಲಕನ ತಲೆಯೂ ತಿಳಿ. ನಾಲ್ಕು ದಿನದ ಪ್ರವಾಸದಲ್ಲಿ ಒಂದು ರಾತ್ರಿಯನ್ನು ಇಲ್ಲಿಗೆ ಸರಿಸಿದರೆ ಸಿಗುವ ಲಾಭಗಳಲ್ಲಿ ನನ್ನ ಮಟ್ಟಿಗೆ ಇದೇ ದೊಡ್ಡದು.

ಚಾರ್ಮಾಡಿ, ಆಗುಂಬೆ ಹತ್ತಿಳಿದವರಿಗೆ ಘಾಟಿಯ ಶಿಸ್ತು ಹೊಸದಲ್ಲ. ಹತ್ತಿದ ಗೇರಿನಲ್ಲೇ ಇಳಿ ಎಂಬ ನಮ್ಮ ಲಾರಿ ಚಾಲಕರ ಮಾತು ಅಲ್ಲಿಗೂ ಸಲ್ಲುತ್ತದೆ. ಬ್ರೇಕನ್ನೇ ಒತ್ತಿಕೊಂಡು ಸಾವಿರ ಮೀಟರ್ ಇಳಿದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲೂ ಗೇರು ಇಳಿಸುವ ಅನುಕೂಲ ಇರುತ್ತದೆ, ಹೊರಡುವ ಮುನ್ನ ಅದನ್ನು ಹುಡುಕಿಟ್ಟುಕೊಳ್ಳಿ. ಯುರೋಪಿನ ಬಾಡಿಗೆ ಕಾರುಗಳಲ್ಲಿ ಕೈಗೇರಿನವು ಇನ್ನೂ ಬಹಳ. ಆಟೊಮ್ಯಾಟಿಕ್ ಬೇಕಿದ್ದರೆ ಮುಂಗಡವಾಗಿ ಹೇಳಿ ಕಾದಿರಿಸಬೇಕು. ಎರಡು ಗಾಡಿ ದಾಟಲಾಗದ ಕಡಿದಾದ ಜಾಗದಲ್ಲಿ ಇಳಿಯುವವರೇ ನಿಂತು ಹಿಂದೆ ಸರಿಯಬೇಕು. ಹತ್ತುವವರ ಪಕ್ಕದಲ್ಲೇ ಸರಿದು ನಿಲ್ಲುವ ಜಾಗವಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ನೀಲಿ ಫಲಕದ ಮೇಲೆ ಹಳದಿ ಕೊಂಬಿನ ಚಿತ್ರವಿದ್ದರೆ ಅದು ಅಂಚೆ ಬಸ್ಸಿನ ಬೆಟ್ಟದ ದಾರಿ ಎಂದರ್ಥ. ಅಂಥ ದಾರಿಯಲ್ಲಿ ಹಳದಿ ಬಸ್ಸಿಗೆ ಆದ್ಯತೆ, ಅದರ ಚಾಲಕ ಕೈಸನ್ನೆ ಮಾಡಿದಂತೆ ನೀವು ನಡೆದುಕೊಳ್ಳಬೇಕು. ಕುರುಡು ತಿರುವಿನಾಚೆಯಿಂದ ಮೂರು ಸ್ವರದ ಹಾರ್ನ್ ಕೇಳಿದರೆ ಅಲ್ಲೇ ನಿಲ್ಲಿ. ಆ ಸ್ವರಗಳು ರೊಸ್ಸೀನಿಯ ‘ವಿಲಿಯಂ ಟೆಲ್’ ಆಪೆರಾದವು. ಟೆಲ್ ದಂತಕತೆಯ ನೆಲವೂ ಇದೇ ಊರಿ ಕ್ಯಾಂಟನ್. ಹಗಲಲ್ಲೂ ದೀಪ ಹೊತ್ತಿಸಿರುವುದು 2014ರಿಂದ ಕಡ್ಡಾಯ. ಊರೊಳಗೆ ಗಂಟೆಗೆ 50 ಕಿಲೋಮೀಟರ್, ಹೊರಗೆ 80, ಮೋಟಾರು ಹೆದ್ದಾರಿಯಲ್ಲಿ 120 ಮಿತಿ. ಊರೊಳಗೆ ಮಿತಿಗಿಂತ ಆರರಿಂದ ಹತ್ತು ಕಿಲೋಮೀಟರ್ ಹೆಚ್ಚು ಓಡಿಸಿದರೆ 120 ಫ್ರಾಂಕ್ ದಂಡ. ಕ್ಯಾಮೆರಾ ಮುಲಾಜು ನೋಡುವುದಿಲ್ಲ. ಬಾಡಿಗೆ ಕಂಪನಿ ನಿಮ್ಮ ವಿಳಾಸ ಕೊಡುವುದಲ್ಲದೆ ಅದಕ್ಕೂ ಒಂದು ಶುಲ್ಕ ಸೇರಿಸುತ್ತದೆ.

ಹಾಗಾದರೆ ಆ ಮಧ್ಯಾಹ್ನದಿಂದ ಮರುಬೆಳಗಿನವರೆಗೆ ಅಲ್ಲಿ ಮಾಡುವುದೇನು? ಮಧ್ಯಾಹ್ನ ಮೂರು ನಾಲ್ಕಕ್ಕೆ ಊರು ಸೇರಿ, ಕಾರು ನಿಲ್ಲಿಸಿ, ಮರುದಿನದವರೆಗೆ ಅದನ್ನು ಮುಟ್ಟಬೇಡಿ. ನೀಲಿ ಗೆರೆಯ ಜಾಗದಲ್ಲಿ ನಿಲ್ಲಿಸಲು ಬಂದ ಹೊತ್ತು ತೋರಿಸುವ ಪಾರ್ಕಿಂಗ್ ಬಿಲ್ಲೆ ಬೇಕು, ಅವಧಿಯೂ ಗಿಡ್ಡ. ಬಿಳಿ ಗೆರೆಯಲ್ಲಿ ಸಾಮಾನ್ಯವಾಗಿ ಯಂತ್ರಕ್ಕೆ ಹಣ ಹಾಕಬೇಕು. ಹಳದಿ ಗೆರೆ ಖಾಸಗಿ, ಅಲ್ಲಿ ಬೇಡ. ಹಾಗಾಗಿ ಪಾರ್ಕಿಂಗ್ ಇರುವ ವಸತಿಯನ್ನೇ ಹುಡುಕುವುದು ಜಾಣತನ. ಮೊದಲ ಎರಡು ಗಂಟೆ ಶೋಲೆನೆನ್ ಕಮರಿಗೆ ಮೀಸಲಿಡಿ. ಊರಿನಿಂದ ಅರ್ಧ ಗಂಟೆ ನಡೆದರೆ ಪಿಶಾಚಿ ಸೇತುವೆ. ಅಲ್ಲಿ ನಿಂತರೆ 1830ರ ಕಲ್ಲಿನ ಸೇತುವೆ, ಅದರ ಮೇಲೆ 1958ರ ಮೋಟಾರು ಸೇತುವೆ, ಬಂಡೆಯಲ್ಲಿ ನುಸುಳುವ 1917ರ ಹಲ್ಲುಹಳಿ ರೈಲು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಮೊದಲ ಸೇತುವೆಯನ್ನು ಪಿಶಾಚಿ ಕಟ್ಟಿಕೊಟ್ಟಿತು, ಕೂಲಿಯಾಗಿ ಮೊದಲು ದಾಟುವ ಜೀವವನ್ನು ಕೇಳಿತು, ಊರವರು ಒಂದು ಆಡನ್ನು ಅಟ್ಟಿ ಅದಕ್ಕೆ ನಾಮ ಹಾಕಿದರು ಎಂದು ಅಲ್ಲಿನ ಐತಿಹ್ಯ. ಸಿಟ್ಟಿಗೆದ್ದ ಪಿಶಾಚಿ ಸೇತುವೆ ಒಡೆಯಲು ತಂದು ಬಿಟ್ಟುಹೋದದ್ದೆನ್ನುವ ಬಂಡೆ ಗೋಶೆನೆನ್ ಬಳಿ ಇದೆ. ಹೆದ್ದಾರಿಗೆ ಅಡ್ಡ ಬಂದ ಆ 220 ಟನ್ ಬಂಡೆಯನ್ನು ಸಿಡಿಸದೆ, 1970ರ ದಶಕದಲ್ಲಿ ಮೂರು ಲಕ್ಷ ಫ್ರಾಂಕ್ ವೆಚ್ಚದಲ್ಲಿ 127 ಮೀಟರ್ ಪಕ್ಕಕ್ಕೆ ಸರಿಸಿದರು. ಸೇತುವೆಯ ಎದುರು ಬಂಡೆಯಲ್ಲಿ ಕೊರೆದ ದೊಡ್ಡ ಶಿಲುಬೆ ರಷ್ಯನ್ನರದು. 1799ರ ಸೆಪ್ಟೆಂಬರಿನಲ್ಲಿ ಜನರಲ್ ಸುವೊರೊವ್‌ನ ಪಡೆ ಈ ಕಮರಿಯಲ್ಲಿ ಫ್ರೆಂಚರೊಡನೆ ಕಾದಾಡಿ ದಾಟಿದ್ದಕ್ಕೆ ಅದು ಸ್ಮಾರಕ. ವಾಪಸು ಬಂದು ಹಳೇ ಬೀದಿಯಲ್ಲಿ ಅಡ್ಡಾಡಿ, ಕಾಡಿನ ಬುಡದವರೆಗೆ ಹತ್ತಿ ಇಳಿದರೆ ಸಂಜೆ ಆಗುತ್ತದೆ. ಜೂನ್ ಕೊನೆಯಲ್ಲಿ ಒಂಬತ್ತು ಗಂಟೆಯ ಮೇಲೂ ಬೆಳಕಿರುತ್ತದೆ, ಆದರೆ ಕಣಿವೆಯ ತಳಕ್ಕೆ ಬಿಸಿಲು ಬಹು ಮೊದಲೇ ತಪ್ಪುತ್ತದೆ, ಸ್ವೆಟರ್ ಕೈಯಲ್ಲಿರಲಿ. ವಯಸ್ಸಾದವರು ಜೊತೆಗಿದ್ದರೆ ಸೇತುವೆಗೆ ಹೋಗುವ ಹಾದಿಯ ಬದಲು ಹೊಳೆಯ ದಂಡೆಯಲ್ಲೇ ಹೋಸ್ಪೆಂಟಾಲ್ ಕಡೆ ಸಮತಟ್ಟಾಗಿ ನಡೆಯಬಹುದು. ಅಲ್ಲಿ ಮಧ್ಯಯುಗದ ಗೋಪುರವೊಂದು ಗುಡ್ಡದ ಮೇಲೆ ನಿಂತಿದೆ.

ಮರುಬೆಳಗ್ಗೆ ಒಂದು ಘಾಟಿ ಸಾಕು. ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಮೂರನ್ನೂ ಸುತ್ತಿ ಸುಮಾರು 120 ಕಿಲೋಮೀಟರಿನಲ್ಲಿ ಆಂಡರ್‌ಮಾಟ್‌ಗೆ ವಾಪಸಾಗುವ ಸುತ್ತು ಬೈಕಿನವರಲ್ಲಿ ಬಹಳ ಜನಪ್ರಿಯ. ಹಿಂದಿನ ಸೀಟಿನಲ್ಲಿ ಮಕ್ಕಳೂ ಅಜ್ಜಿಯೂ ಇರುವ ಕಾರಿಗೆ ಮಾತ್ರ ಅದು ಶಿಕ್ಷೆ. ಎರಡನೇ ಘಾಟಿ ಮುಗಿಯುವಷ್ಟರಲ್ಲಿ ವಾಂತಿಯ ಚೀಲ ಹುಡುಕಬೇಕಾಗುತ್ತದೆ. ಒಂದನ್ನೇ ಆರಿಸುವುದಾದರೆ ಫುರ್ಕಾ. 1964ರ ‘ಗೋಲ್ಡ್‌ಫಿಂಗರ್’ ಚಿತ್ರದ ಕಾರಿನ ದೃಶ್ಯ ಇಲ್ಲಿ ಚಿತ್ರೀಕರಣವಾದದ್ದರಿಂದ ಹೆಸರು ಮಾಡಿದ ರಸ್ತೆ. ಆದರೆ ನಿಂತು ನೋಡಬೇಕಾದದ್ದು ಆಚೆ ಬದಿಯ ರೋನ್ ಹಿಮನದಿ. ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಅದು ಕಣಿವೆಯ ತಳದ ಗ್ಲೆಚ್‌ವರೆಗೂ ಇಳಿದಿತ್ತು. ಅದರ ನೋಟಕ್ಕೆಂದೇ ರಸ್ತೆಯ ತಿರುವಿನಲ್ಲಿ 1882ರಲ್ಲಿ ಕಟ್ಟಿದ ಬೆಲ್ವೆಡೇರ್ ಹೋಟೆಲಿನ ಕಿಟಕಿಗಳಿಗೆ ಈಗ ಹಲಗೆ ಬಡಿದಿದೆ, 2015ರಿಂದ ಅದು ಮುಚ್ಚಿದೆ. ಹಿಮನದಿ ಮೇಲೆ ಸರಿದುಹೋಗಿದೆ. ಅದರೊಳಗೆ ಪ್ರತಿ ವರ್ಷ ಕೊರೆಯುವ ಗುಹೆ ಬೇಸಗೆಯಲ್ಲಿ ಕರಗದಂತೆ ಮೇಲೆ ಬಿಳಿ ಹೊದಿಕೆ ಹಾಸುತ್ತಾರೆ. ಕೊಳೆಯಾದ ಆ ಹೊದಿಕೆಯನ್ನು ಕಂಡು ನಿರಾಸೆಯಾಯಿತು ಎನ್ನುವವರಿದ್ದಾರೆ. ಹವಾಮಾನ ಬದಲಾವಣೆಯ ಬಗ್ಗೆ ಓದಿದ ಹತ್ತು ಲೇಖನಕ್ಕಿಂತ ಅದು ಹೆಚ್ಚು ಹೇಳುತ್ತದೆ ಎಂಬುದು ನನ್ನ ಎಣಿಕೆ. ಇಟಲಿಯತ್ತ ಹೊರಟವರು ಫುರ್ಕಾ ಬಿಟ್ಟು ಗೋಟ್‌ಹಾರ್ಡ್ ಹಿಡಿಯಬೇಕು. ನೆತ್ತಿಯಿಂದ ಐರೋಲೊ ಕಡೆಗೆ ಇಳಿಯುವ ಹಳೇ ಟ್ರೆಮೋಲಾ ರಸ್ತೆ ಕಲ್ಲು ಹಾಸಿದ್ದು, 24 ಹೇರ್‌ಪಿನ್ ತಿರುವುಗಳದು. ಒಣಗಿದ್ದಾಗ ಮಾತ್ರ ಅಲ್ಲಿ ಇಳಿಯಿರಿ, ಮಳೆಯಿದ್ದರೆ ಪಕ್ಕದ ಹೊಸ ರಸ್ತೆಯೇ ಲೇಸು.

ಈಗ ಆಕ್ಷೇಪಗಳು. ಮೊದಲನೆಯದು ದುಡ್ಡು. ಒಂದು ಫ್ರಾಂಕಿಗೆ ನೂರು ರೂಪಾಯಿಗೂ ಮೇಲಿರುವಾಗ ಐಷಾರಾಮಿ ಹೋಟೆಲಿರುವ ಬೆಟ್ಟದ ಹಳ್ಳಿಯಲ್ಲಿ ತಂಗಿ ಎನ್ನುವುದು ಸುಲಭವೇ ಎಂದು ಕೇಳಬಹುದು. ಆಂಡರ್‌ಮಾಟ್ ಅಗ್ಗವಲ್ಲ, ನಿಜ. ಆದರೆ ಲುಸರ್ನ್, ಇಂಟರ್‌ಲಾಕೆನ್ ಕೂಡ ಅಗ್ಗವಲ್ಲ. ಹೋಲಿಸಬೇಕಾದದ್ದು ಆ ರಾತ್ರಿಗೆ ಅಲ್ಲಿ ಕೊಡುವ ಬಾಡಿಗೆಯ ಜೊತೆ. ಹಳೇ ಬೀದಿಯ ಸಣ್ಣ ಹೋಟೆಲುಗಳು, ಎರಡು ಮೂರು ಕಿಲೋಮೀಟರ್ ಆಚೆಯ ಹೋಸ್ಪೆಂಟಾಲ್, ಅದರಾಚೆಯ ರೆಯಾಲ್ಪ್ ಕೂಡ ಇದೇ ಕಣಿವೆಯವು, ಅವೂ ಇದೇ ಕೆಲಸಕ್ಕೆ ಆಗುತ್ತವೆ. ಘಾಟಿಯ ಮೇಲಿನ ಪಾರ್ಕಿಂಗಿನಲ್ಲಿ ಕಾರಿನೊಳಗೇ ಮಲಗಿ ಉಳಿಸೋಣ ಎಂಬ ಯೋಚನೆ ಬೇಡ; ರಾತ್ರಿ ತಂಗುವುದನ್ನು ಎಷ್ಟೋ ಕಡೆ ನಿಷೇಧಿಸಿದ್ದಾರೆ, ಮೇಲಾಗಿ ಚಳಿ. ಎತ್ತರ ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಆರೇಳು ಡಿಗ್ರಿ ಇಳಿಯುತ್ತದೆಂಬ ಲೆಕ್ಕದಲ್ಲಿ ಜ್ಯೂರಿಕ್‌ನಲ್ಲಿ 28 ಇದ್ದಾಗ ಫುರ್ಕಾದ ಮೇಲೆ 15ರ ಸುಮಾರು. ಆಗಸ್ಟಿನಲ್ಲೂ ಅಲ್ಲಿ ಹಿಮ ಬೀಳುವುದುಂಟು. ಊಟದ ಖರ್ಚು ಉಳಿಸುವ ದಾರಿ ಸೂಪರ್‌ಮಾರ್ಕೆಟ್. ಭಾನುವಾರ ಬೇಗ ಮುಚ್ಚುವುದೋ ತೆರೆಯದೇ ಇರುವುದೋ ಇರುತ್ತದೆ, ಆದ್ದರಿಂದ ಶನಿವಾರವೇ ಬ್ರೆಡ್ಡು, ಮೊಸರು, ಹಣ್ಣು ಕೊಂಡಿಡಿ. ಬೀದಿಯ ಕಲ್ಲು ತೊಟ್ಟಿಗಳ ನೀರು ಕುಡಿಯಲು ಯೋಗ್ಯ, ಯೋಗ್ಯವಲ್ಲದ ಕಡೆ ಫಲಕವಿರುತ್ತದೆ. ಬಾಟಲಿಗೆ ದುಡ್ಡು ಸುರಿಯಬೇಕಿಲ್ಲ. ಹೋಟೆಲಿನಲ್ಲಿ ಉಣ್ಣುವುದಾದರೆ ಹೊತ್ತು ನೋಡಿ ಹೋಗಿ, ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಅಡುಗೆಮನೆ ಮುಚ್ಚಿರುವುದು ಸಾಮಾನ್ಯ. ಸಸ್ಯಾಹಾರಿಗಳಿಗೆ ಆಲೂಗಡ್ಡೆ ತುರಿಯ ರೋಸ್ಟಿ, ಮತ್ತು ಪಾಸ್ತಾ, ಆಲೂಗಡ್ಡೆ, ಚೀಸ್, ಕೆನೆ, ಹುರಿದ ಈರುಳ್ಳಿ ಸೇರಿಸಿ ಬೇಯಿಸಿ, ಸೇಬಿನ ಗೊಜ್ಜಿನೊಡನೆ ಕೊಡುವ ಆಲ್ಪ್‌ಲರ್‌ಮಾಗ್ರೋನೆನ್ ಒಗ್ಗುತ್ತವೆ. ಎರಡಕ್ಕೂ ಹಂದಿಮಾಂಸದ ಚೂರು ಹಾಕುವ ರೂಢಿಯಿರುವುದರಿಂದ ಕೇಳಿಯೇ ಹೇಳಿ. ಕಟ್ಟಾ ಸಸ್ಯಾಹಾರಿಗಳು ಇನ್ನೊಂದು ವಿಷಯ ತಿಳಿದಿರಲಿ: ಅಲ್ಲಿನ ಸಾಂಪ್ರದಾಯಿಕ ಬೆಟ್ಟದ ಚೀಸಿಗೆ ಹಾಲು ಒಡೆಸಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್.

ನೋಡಲು ಅಲ್ಲೇನಿದೆ, ಯುಂಗ್‌ಫ್ರೌ ಇಲ್ಲ, ದೊಡ್ಡ ಸರೋವರ ಇಲ್ಲ ಎನ್ನುವವರಿಗೆ ಉತ್ತರ ಮೇಲೆಯೇ ಸಿಕ್ಕಿರಬಹುದು. ಹಿಮಶಿಖರ ಬೇಕೇಬೇಕು ಎಂದರೆ ಊರಿನಿಂದಲೇ ಗೆಮ್ಸ್‌ಸ್ಟಾಕ್‌ಗೆ ಕೇಬಲ್ ಕಾರಿದೆ, 2,961 ಮೀಟರ್. ಓಡುವ ದಿನಗಳನ್ನು ಮೊದಲೇ ನೋಡಿಕೊಳ್ಳಿ.

ಅದಕ್ಕಿಂತ ಗಟ್ಟಿಯಾದ ಆಕ್ಷೇಪ ರೈಲಿನ ಪರದ್ದು. ಇಷ್ಟು ಒಳ್ಳೆ ರೈಲು ಇರುವ ದೇಶದಲ್ಲಿ ಕಾರೇ ಯಾಕೆ? ಈ ಮಾತಿಗೆ ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಊರಿಂದ ಊರಿಗೆ ಹೋಗುವುದಷ್ಟೇ ಗುರಿಯಾದರೆ ಕಾರು ದಂಡ. ಜೆರ್ಮಾಟ್‌ನಿಂದ ಸೇಂಟ್ ಮಾರಿಟ್ಜ್‌ಗೆ 1930ರಿಂದ ಓಡುತ್ತಿರುವ ಗ್ಲೇಸಿಯರ್ ಎಕ್ಸ್‌ಪ್ರೆಸ್ ಕೂಡ ಆಂಡರ್‌ಮಾಟ್‌ನಲ್ಲಿ ನಿಲ್ಲುತ್ತದೆ, ಬೇಸಗೆಯಲ್ಲಿ ಘಾಟಿಗಳ ಮೇಲೆ ಅಂಚೆ ಬಸ್ಸೂ ಹೋಗುತ್ತದೆ. ಚಾಲನೆಯಲ್ಲಿ ಅಷ್ಟಾಗಿ ವಿಶ್ವಾಸವಿಲ್ಲದವರು ಹಾಗೇ ಬಂದು ತಂಗಲಿ. ಆದರೆ ಫುರ್ಕಾದ ಹಳಿ ಹೋಗುವುದು 1982ರಲ್ಲಿ ತೆರೆದ 15.4 ಕಿಲೋಮೀಟರಿನ ಸುರಂಗದೊಳಗೆ. ಘಾಟಿಯ ಮೇಲಿನದೇನೂ ಅದರಿಂದ ಕಾಣುವುದಿಲ್ಲ. ಬೇಕಾದಲ್ಲಿ ನಿಲ್ಲುವ, ಅಜ್ಜಿಗೆ ಸುಸ್ತಾದರೆ ಹಿಂತಿರುಗುವ ಸ್ವಾತಂತ್ರ್ಯ ಕಾರಿನದು. ಆ ಸ್ವಾತಂತ್ರ್ಯ ಬಳಸಿಕೊಳ್ಳದೆ ಘಾಟಿಯನ್ನು ಒಂದೇ ಉಸಿರಿಗೆ ದಾಟಿಬಿಡುವುದಾದರೆ ರೈಲೇ ಮೇಲು. ತಂಗಿದರೆ ಮಾತ್ರ ಕಾರಿಗೆ ಅರ್ಥ ಬರುತ್ತದೆ.

ಕಾರಿನಲ್ಲಿ ಬಂದು ಒಂದೇ ರಾತ್ರಿ ಇದ್ದು ಹೋಗುವವರಿಂದ ಹಳ್ಳಿಗೆ ಹೊಗೆ, ಸದ್ದು ಬಿಟ್ಟರೆ ಏನು ಸಿಗುತ್ತದೆ ಎಂಬ ಇನ್ನೊಂದು ಪ್ರಶ್ನೆಯಿದೆ. ಊರಿ ಕ್ಯಾಂಟನ್ನಿನವರ ದೊಡ್ಡ ದೂರು ನಿಂತು ಹೋಗುವವರ ಮೇಲಲ್ಲ, ನಿಲ್ಲದೆ ಹಾಯುವವರ ಮೇಲೆ. ಈಸ್ಟರ್, ಬೇಸಗೆ ರಜೆಗಳಲ್ಲಿ ಗೋಶೆನೆನ್‌ನ ಸುರಂಗದ ಬಾಯಿಗೆ ಹತ್ತು ಕಿಲೋಮೀಟರ್ ಸಾಲು ನಿಲ್ಲುವುದು ವಾಡಿಕೆ. ಒಂದು ಕಿಲೋಮೀಟರಿಗೆ ಹತ್ತು ನಿಮಿಷ ಎಂದು ಲೆಕ್ಕ ಹಾಕಿದರೆ ನೂರು ನಿಮಿಷದ ಕಾಯುವಿಕೆ. ಸಾಲು ತಪ್ಪಿಸಲು ಫೋನಿನ ನಕ್ಷೆ ಹೇಳಿದಂತೆ ಕಾರುಗಳು ಹೆದ್ದಾರಿ ಬಿಟ್ಟು ಹಳ್ಳಿಗಳ ಬೀದಿಗೆ ನುಗ್ಗುತ್ತವೆ. ಆ ಸಾಲಿಗೆ ಸೇರಿಕೊಳ್ಳದೆ ಹಿಂದಿನ ದಿನವೇ ಬಂದು ಕಣಿವೆಯಲ್ಲಿ ಉಂಡು, ಮಲಗಿ, ತಂಗುವ ತೆರಿಗೆ ಕೊಟ್ಟು, ಬೆಳಗ್ಗೆ ಘಾಟಿ ಹತ್ತುವ ಕಾರು ಅದೇ ಸಮಸ್ಯೆಯ ಭಾಗವಲ್ಲ. ರಸ್ತೆ ಸುರಂಗದ ಎರಡನೇ ಕೊಳವೆಯ ಕೆಲಸ ಈಗ ನಡೆಯುತ್ತಿದೆ. ಅದು ಮುಗಿದರೂ ಈ ವ್ಯತ್ಯಾಸ ಉಳಿಯುತ್ತದೆ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳಿಬಿಡಬಹುದು. ಭಾರತದ ಚಾಲನಾ ಪರವಾನಗಿ ಪ್ರವಾಸಿಗರಿಗೆ ಸ್ವಿಟ್ಜರ್ಲೆಂಡಿನಲ್ಲಿ ನಡೆಯುತ್ತದೆ. ಬಾಡಿಗೆ ಕಂಪನಿಗಳು ಕೇಳಬಹುದಾದ್ದರಿಂದ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಒಂದು ವರ್ಷ ಅವಧಿಯ ಅಂತರರಾಷ್ಟ್ರೀಯ ಪರವಾನಗಿಯನ್ನೂ ಮಾಡಿಸಿಕೊಂಡು ಹೋಗಿ, ಮೂಲ ಪರವಾನಗಿ ಜೊತೆಗಿರಲಿ. ಸ್ವಿಸ್ ಮೋಟಾರು ಹೆದ್ದಾರಿಗೆ ವರ್ಷಕ್ಕೆ 40 ಫ್ರಾಂಕಿನ ವಿನ್ಯೆಟ್ ಎಂಬ ಸುಂಕದ ಚೀಟಿ ಬೇಕು. ಜ್ಯೂರಿಕ್‌ನಲ್ಲಿ ಹಿಡಿದ ಕಾರಿಗೆ ಅದು ಇದ್ದೇ ಇರುತ್ತದೆ, ಜರ್ಮನಿಯಿಂದ ತರುವ ಕಾರಿಗೆ ನೀವೇ ಕೊಳ್ಳಬೇಕು; 2023ರಿಂದ ಆನ್‌ಲೈನಿನಲ್ಲೂ ಸಿಗುತ್ತದೆ, ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ. ಇಲ್ಲಿ ಹೆಸರಿಸಿದ ಘಾಟಿ ರಸ್ತೆಗಳಿಗೆ ಸುಂಕವಿಲ್ಲ. ಹನ್ನೆರಡು ವರ್ಷದೊಳಗಿನ, 150 ಸೆಂಟಿಮೀಟರಿಗಿಂತ ಗಿಡ್ಡ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ತುರ್ತು ಕರೆಗೆ 112, ಆಂಬುಲೆನ್ಸಿಗೆ 144, ಬೆಟ್ಟದಲ್ಲಿ ಹೆಲಿಕಾಪ್ಟರ್ ನೆರವಿಗೆ ರೇಗಾ ಸಂಸ್ಥೆಯ 1414.

ಕೊನೆಯದಾಗಿ ಕಾಲ. ಈ ಘಾಟಿಗಳು ಹಿಮ ಸರಿಸಿ ತೆರೆಯುವುದು ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್‌ನಲ್ಲಿ, ಮುಚ್ಚುವುದು ಅಕ್ಟೋಬರ್ ಅಥವಾ ನವೆಂಬರಿನ ಮೊದಲ ದೊಡ್ಡ ಹಿಮಕ್ಕೆ. ದಿನಾಂಕ ವರ್ಷ ವರ್ಷಕ್ಕೂ ಬೇರೆ. ರಸ್ತೆಯಂಚಿನ ಫಲಕದಲ್ಲಿ ಘಾಟಿಯ ಹೆಸರಿನ ಮುಂದೆ ಹಸಿರಿದ್ದರೆ ತೆರೆದಿದೆ, ಕೆಂಪಿದ್ದರೆ ಮುಚ್ಚಿದೆ. ಫುರ್ಕಾ ಮುಚ್ಚಿದ್ದರೆ ರೆಯಾಲ್ಪ್‌ನಲ್ಲಿ ಕಾರನ್ನೇ ರೈಲಿಗೆ ಹತ್ತಿಸಿ ಸುರಂಗದ ಮೂಲಕ ಆಚೆಯ ಓಬರ್‌ವಾಲ್ಡ್‌ಗೆ ಹೋಗಬಹುದು, ಆ ಸೌಕರ್ಯ ವರ್ಷವಿಡೀ ಇದೆ. ಸೆಪ್ಟೆಂಬರಿನ ವಾರದ ನಡುವಿನ ದಿನಗಳು ಎಲ್ಲಕ್ಕಿಂತ ಒಳ್ಳೆಯವು. ರಜೆಯ ಗದ್ದಲ ಇಳಿದಿರುತ್ತದೆ, ರಸ್ತೆ ಇನ್ನೂ ತೆರೆದಿರುತ್ತದೆ. ನಮ್ಮ ಶಾಲೆಗಳ ಬೇಸಗೆ ರಜೆಯಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ ಹೋಗುವವರಿಗೆ ಮಾತ್ರ ಈ ಲೇಖನದ ಸಲಹೆ ಅನ್ವಯಿಸುವುದಿಲ್ಲ. ಆಗ ಘಾಟಿ ಮುಚ್ಚಿರುತ್ತದೆ, ಸ್ಕೀ ಋತು ಮುಗಿದು ಹೋಟೆಲುಗಳಲ್ಲಿ ಎಷ್ಟೋ ಬಾಗಿಲು ಹಾಕಿರುತ್ತವೆ. ಆ ಪ್ರವಾಸವನ್ನು ಲುಸರ್ನ್‌ನಲ್ಲೇ ಮುಗಿಸಿ.